ಎಂಟನೇ ಸುತ್ತಿನ ಶಿರಸ್ತೇದಾರರು

ನಮ್ಮ ಶಿರಸ್ತೇದಾರರಿಗೆ ಎರಡು ದನಿಗಳಿದ್ದವು. ಒಂದು ಕೋರ್ಟಿನದು. ಮೂಗಿನಿಂದ ಹೊರಟು, ಕನ್ನಡಕದ ಮೇಲಿಂದ ಹಾದು, ಕಕ್ಷಿದಾರನ ನೆತ್ತಿಯ ಮೇಲೆ ಬೀಳುತ್ತಿದ್ದ ದನಿ. ಅದರಲ್ಲಿ ಅವರು ಆಡುತ್ತಿದ್ದುದು ಹೆಚ್ಚುಕಡಿಮೆ ಒಂದೇ ಮಾತು: “ಮುಂದಿನ ವಾಯಿದೆ.” ಇನ್ನೊಂದು ದನಿ ಮಧ್ಯಾಹ್ನದ ಬಿಡುವಿನದು. ಕೋರ್ಟಿನ ಹಿಂದಿನ ಹುಣಸೆಮರದ ಕೆಳಗೆ ಡಬ್ಬಿಯ ಮೊಸರನ್ನ ಮುಗಿಸಿ, ಕರಿಕೋಟು ಬಿಚ್ಚಿ ಕೊಂಬೆಗೆ ನೇತುಹಾಕಿ, ಚಕ್ಕಂಬಕ್ಕಳ ಹಾಕಿ ಕೂತ ಮೇಲೆ ಹೊಟ್ಟೆಯ ಬುಡದಿಂದ ಬರುತ್ತಿದ್ದ ದನಿ. ಅದರಲ್ಲೂ ಮುಖ್ಯವಾದ ಮಾತು ಒಂದೇ: “ಈಗ ಏನ್ ಮಾಡ್ತೀರ, ಹೇಳ್ರಿ.”

ಅವರ ಹೆಸರು ಹೇಳುವುದಿಲ್ಲ. ಹೆಸರು ಬರೆದಲ್ಲೆಲ್ಲ ಒಂದಲ್ಲ ಒಂದು ದಿನ ಸಮನ್ಸು ಬರುತ್ತದೆ ಎಂದು ನಂಬಿದ್ದವರು ಅವರು. ಮದುವೆಯ ಕರೆಯೋಲೆಯಲ್ಲಿ ಹೆಸರು ಹಾಕಿಸಲೂ ಹಿಂದೆಮುಂದೆ ನೋಡುತ್ತಿದ್ದರು. ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಹೊಳಲ್ಕೆರೆಯಿಂದ ಹೊಸದುರ್ಗದ ಕೋರ್ಟಿಗೆ ಟೈಪಿಸ್ಟಾಗಿ ಬಂದೆ. ಮದುವೆಯಾಗದವನಿಗೆ ಮನೆ ಕೊಡುವವರು ಯಾರೂ ಇರಲಿಲ್ಲ. ಅವರು ತಮ್ಮ ಮನೆಯ ಬೀದಿ ಬದಿಯ ಕೋಣೆಯನ್ನು ಬಿಟ್ಟುಕೊಟ್ಟರು. ಹಗಲೆಲ್ಲ ಅವರ ಕೈಕೆಳಗೆ, ಉಳಿದ ಹೊತ್ತು ಅವರ ಸೂರಿನ ಕೆಳಗೆ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಆಟಕ್ಕೆ ಸೇರಿದ್ದೂ ಹಾಗೆಯೇ.

ಆಳು ಕುಳ್ಳು, ತಲೆ ದೊಡ್ಡದು, ಸಿಟ್ಟು ಸಣ್ಣದು. ಹಳೇ ಫೈಲು ಬಿಚ್ಚುವ ಮುಂಚೆ ಧೂಳು ಊದಿ ಊದಿ, ಏನನ್ನೇ ಶುರು ಮಾಡಲಿ ಮೊದಲು ಅದನ್ನು ‘ಉಫ್’ ಎಂದು ಒಮ್ಮೆ ಊದುವುದು ಅವರಿಗೆ ಅಂಟಿಬಿಟ್ಟಿತ್ತು. ಊಟದ ಎಲೆ ಊದುತ್ತಿದ್ದರು, ಕೂರುವ ಚಾಪೆ ಊದುತ್ತಿದ್ದರು. ಒಮ್ಮೆ ನೆಂಟರ ಮನೆಯ ಹಸುಗೂಸನ್ನು ಎತ್ತಿಕೊಳ್ಳುವ ಮುಂಚೆ ಊದಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕೂಸು ನಕ್ಕಿತು, ಅದರ ಅಜ್ಜಿ ನಗಲಿಲ್ಲ.

ಮೊದಮೊದಲು ಮರದ ಕೆಳಗೆ ನಾವು ಆಡುತ್ತಿದ್ದುದು ಚೌಕಾಬಾರ. ಅವರು, ನಾನು, ಕೋರ್ಟಿನ ಎದುರಿಗೆ ಸೈಕಲ್ ಶಾಪು ಇಟ್ಟಿದ್ದ ಬಾಷಾ ಸಾಬರು. ನೆಲದ ಮೇಲೆ ಮನೆ ಗೀಚಿ, ಒಂದು ಮಗ್ಗುಲು ಬೆಳ್ಳಗಾಗುವಂತೆ ತೇಯ್ದ ನಾಲ್ಕು ಹುಣಸೆ ಬೀಜ ಎಸೆದು, ಕಾಯಿ ನಡೆಸುವುದು. ಎಲ್ಲರೂ ಆಡುವ ಆಟವೇ. ಆದರೆ ಶಿರಸ್ತೇದಾರರಿಗೆ ಅದರಲ್ಲಿ ಒಂದು ಕೊರಗಿತ್ತು. ಈ ಕಾಯಿಗೆ ಹೆಸರಿಲ್ಲ, ಊರಿಲ್ಲ, ಯಾಕೆ ಸುತ್ತುತ್ತಿದೆ ಎಂದು ಅದಕ್ಕೇ ಗೊತ್ತಿಲ್ಲ, ಹೊಡೆದು ಹಾಕಿದರೆ ಅಳುವವರಿಲ್ಲ ಎನ್ನುತ್ತಿದ್ದರು. ಒಂದು ದಿನ ನನ್ನ ಕಾಯಿ ಹಣ್ಣಾಗುವುದಕ್ಕೆ ಒಂದೇ ಮನೆ ಬಾಕಿ ಇರುವಾಗ, ಕೈಯಿಂದ ಇಡೀ ಆಟವನ್ನು ಅಳಿಸಿ, ನೆಲವನ್ನು ಉಫ್ ಎಂದು ಊದಿ, ಹೊಸದೊಂದು ಶುರು ಮಾಡಿದರು. ಆ ಕಾಯಿಯ ವಿಷಯದಲ್ಲಿ ನನಗೆ ಇವತ್ತಿಗೂ ಬೇಜಾರಿದೆ.

ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ ಎಂದು ಮಕ್ಕಳಿಗೂ ಗೊತ್ತು. ಶಿರಸ್ತೇದಾರರು ಹುಟ್ಟಿ ಬೆಳೆದದ್ದು ಆ ಕೋಟೆಯ ಬುಡದಲ್ಲೇ. ಎಂಟನೆಯ ಸುತ್ತೊಂದಿದೆ, ಅದು ಜೋಗಿಮಟ್ಟಿಯ ಕಡೆ ಕಾಡಿನೊಳಗೆ ಮುಚ್ಚಿಹೋಗಿದೆ, ಅದರ ಬಾಗಿಲುಗಳು ಪ್ರತಿ ಹುಣ್ಣಿಮೆಗೂ ಜಾಗ ಬದಲಿಸುತ್ತವೆ ಎಂದು ಅವರು ಹೇಳತೊಡಗಿದರು. ಒಳಗೆ ಮಾತಾಡುವ ಕರಡಿಗಳಿದ್ದವು, ಬೆನ್ನಿಗೆ ಮುಖವಿದ್ದ ಕಾವಲುಗಾರರಿದ್ದರು, ಎಲೆಯಡಿಕೆ ಕೊಡದೆ ಬಾಗಿಲು ಬಿಡದ ರಾಕ್ಷಸಿಯಿದ್ದಳು. ನಾವು ಒಬ್ಬೊಬ್ಬರು ಒಂದೊಂದು ವೇಷ ಆರಿಸಿಕೊಂಡು ಒಳಗೆ ಹೋಗಬೇಕು. ವೇಷವೆಂದರೆ ಬರೀ ಬಾಯಲ್ಲಿ. ಅವರು ಎದುರಿಗೆ ಏನಿದೆ ಎಂದು ಹೇಳುತ್ತಿದ್ದರು, ಏನು ಮಾಡುತ್ತೇವೆಂದು ನಾವು ಹೇಳಬೇಕು, ಅದು ಆಯಿತೋ ಇಲ್ಲವೋ ಎಂಬುದನ್ನು ಹುಣಸೆ ಬೀಜ ಹೇಳುತ್ತಿತ್ತು. ಬಾಷಾ ಸಾಬರು ಸತ್ತವರನ್ನೂ ಎಬ್ಬಿಸುವ ಹಕೀಮರಾದರು. ನಾನು ಬಿಲ್ಲುಗಾರನಾದೆ. ಶಿರಸ್ತೇದಾರರು ಮಾತ್ರ ಯಾವ ವೇಷವನ್ನೂ ಹಾಕಲಿಲ್ಲ. ಹೇಳುವವನು ಆಡಬಾರದು ಎಂದರು.

ಆಟವೇನೋ ಆಯಿತು, ಅದಕ್ಕೊಂದು ಕಾನೂನು ಬೇಕಲ್ಲ. ಅಲ್ಲಿ ಅವರು ಎಡವಿದರು. ಜನ್ಮವೆಲ್ಲ ಕೋರ್ಟಿನ ಭಾಷೆ ಬರೆದ ಕೈ. ಒಂದು ಸೋಮವಾರ ದಾರ ಕಟ್ಟಿದ ಕಾಗದದ ಕಟ್ಟೊಂದನ್ನು ತಂದು ಓದಲು ಕೂತರು. ‘ಸದರಿ ಬಿಲ್ಲುಗಾರನು ಸದರಿ ಕರಡಿಯನ್ನು ಕುರಿತು ಬಾಣ ಬಿಡತಕ್ಕದ್ದಾಗಿದ್ದು, ಸದರಿ ಕರಡಿಯು ತಕರಾರು ಹೂಡಿದ ಪಕ್ಷದಲ್ಲಿ’ ಎಂದು ಅದು ನಡೆಯುತ್ತಿತ್ತು. ಬಿಡುವು ಮುಗಿಯಿತು, ಕರಡಿಯ ಹತ್ತಿರ ನಾವಿನ್ನೂ ಹೋಗಿರಲಿಲ್ಲ. ಆ ವಾರವೆಲ್ಲ ಓದುವುದೇ ಆಯಿತು. ಬಾಷಾ ಸಾಬರು, ಶಾಪಿನಲ್ಲಿ ಮೂರು ಪಂಚರು ಕಾಯ್ತಾ ಅವೆ ಸಾಹೇಬ್ರೆ ಎಂದು ಎದ್ದು ಹೋಗತೊಡಗಿದರು.

ಇದಕ್ಕೆ ಪರಿಹಾರ ಸಿಕ್ಕಿದ್ದು ಅಡುಗೆ ಮನೆಯಿಂದ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಕಡಿಮೆ ಮಾತಿನ ಹೆಂಗಸು. ಗಂಡನ ಆಟ ಅವರ ಪಾಲಿಗೆ ದೊಡ್ಡವರ ಬೊಂಬೆಯಾಟ. ಕಟ್ಟು ದಪ್ಪವಾಗುತ್ತಿರುವುದನ್ನು ನೋಡಿ ನೋಡಿ, ಒಂದು ಬೆಳಗ್ಗೆ ಮಗಳು ಶಾಲೆಗೆ ಹೋಗುವಾಗ ಬಳಸಿದ್ದ ಹಳೇ ಸ್ಲೇಟೊಂದನ್ನು ಅಟ್ಟದಿಂದ ತೆಗೆದು ಗಂಡನ ಮುಂದೆ ಇಟ್ಟರು.

“ಇದ್ರಾಗೆ ಎಷ್ಟು ಹಿಡಿತೈತೋ ಅಷ್ಟೇ ಬರೀರಿ. ಹಿಡೀದೆ ಇದ್ದದ್ದು ಬ್ಯಾಡ. ಹೊಸದು ಬೇಕಂದ್ರೆ ಹಳೇದೊಂದು ಒರ್ಸ್ರಿ.”

ಶಿರಸ್ತೇದಾರರು ಸ್ಲೇಟನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಸ್ಲೇಟನ್ನು ಊದಿದರು. ಅದೇ ಕೊನೆ, ಆ ಕಾಗದದ ಕಟ್ಟು ಒಲೆ ಹಚ್ಚಲು ಹೋಯಿತು. ಊರಿನ ಕಾನೂನೆಲ್ಲ ಒಂದು ಸ್ಲೇಟಿನಲ್ಲಿ ಹಿಡಿಸುವಂತಿದ್ದರೆ ತಾನು ಇಷ್ಟು ಹೊತ್ತಿಗೆ ತೋಟ ಮಾಡಿಕೊಂಡು ಸುಖವಾಗಿರುತ್ತಿದ್ದೆ ಎಂದು ಕೋರ್ಟಿನ ದಾರಿಯುದ್ದಕ್ಕೂ ನನ್ನ ಹತ್ತಿರ ಹೇಳಿಕೊಂಡು ಬಂದರು.

ಸ್ಲೇಟಿನ ಮೊದಲ ಸಾಲು ಹೀಗಿತ್ತು: ಮೂರೋ ನಾಲ್ಕೋ ಬೆಳ್ಳಗೆ ಬಿದ್ದರೆ ಆಯ್ತು, ಎರಡು ಬಿದ್ದರೆ ‘ಆಯ್ತು, ಆದ್ರೆ’, ಅದಕ್ಕೂ ಕಡಿಮೆಯಾದರೆ ಆಗಲಿಲ್ಲ. ‘ಆಯ್ತು, ಆದ್ರೆ’ ಎನ್ನುವುದು ಅವರಿಗೆ ಬಲು ಪ್ರೀತಿಯದು. ಬಾಣ ಕರಡಿಗೆ ತಗುಲಿತು, ಆದರೆ ಅದು ಕರಡಿ ವೇಷದ ನಿಮ್ಮ ಸೋದರಮಾವ. ಬಾಗಿಲು ತೆಗೆಯಿತು, ಆದರೆ ನಿಮ್ಮ ಚಪ್ಪಲಿ ಹೊರಗೇ ಉಳಿಯಿತು. ಎರಡು ಬೆಳ್ಳಗೆ ಬಿದ್ದಾಗ ಅವರ ಮುಖ ಹಬ್ಬದ ಊಟಕ್ಕೆ ಕೂತವರಂತೆ ಅರಳುತ್ತಿತ್ತು.

ಎರಡನೇ ಸಾಲಿಗೆ ಕಾರಣ ಬಾಷಾ ಸಾಬರು. ಹಕೀಮರ ಔಷಧ ಒಂದು ಸಲವೂ ಸೋಲುತ್ತಿರಲಿಲ್ಲ. ಅವರು ಬೀಜ ಎಸೆದರೆ ಮೂರಕ್ಕೆ ಕಡಿಮೆ ಬೀಳುತ್ತಿರಲಿಲ್ಲ. ನೋಡಿದರೆ, ಪಂಚರು ಹಾಕುವಾಗ ಟ್ಯೂಬು ಉಜ್ಜುವ ಅರದಿಂದ ತಮ್ಮ ಬೀಜಗಳ ಹೊಟ್ಟೆಯನ್ನು ಉಜ್ಜಿ ಬೇಕಾದ ಮಗ್ಗುಲಿಗೆ ಬೀಳುವಂತೆ ಮಾಡಿಟ್ಟುಕೊಂಡಿದ್ದರು. ಶಿರಸ್ತೇದಾರರು ಬೈಯಲಿಲ್ಲ. ‘ತನಗಾಗಿ ತಾನು ಬೀಜ ಎಸೆಯಬಾರದು, ಬಲಕ್ಕೆ ಕೂತವರು ಎಸೆಯಬೇಕು’ ಎಂದು ಬರೆದರು. ಇನ್ನು ಮೋಸ ಮಾಡಿದರೂ ಲಾಭ ಪಕ್ಕದವನಿಗೆ. ಬಾಷಾ ಸಾಬರು ಅದನ್ನೋದಿ, ಇಂಥ ಕಾನೂನು ತಮ್ಮಿಂದಾಗಿ ಬಂತು ಎಂದು ಆ ವಾರವೆಲ್ಲ ಬೀದಿಯಲ್ಲಿ ಹೇಳಿಕೊಂಡು ತಿರುಗಿದರು.

ಸತ್ತವರು ಒಂದಾಟ ಸುಮ್ಮನೆ ಕೂರಬೇಕು, ಬಾಯಿ ಬಿಡಬಾರದು, ಮುಂದಿನ ಆಟಕ್ಕೆ ಹೊಸ ಹೆಸರಿನಲ್ಲಿ ಬರಬಹುದು ಎಂಬುದು ಮೂರನೆಯದು. ಕೊನೆಯ ಸಾಲನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದು ಕೆಳಗೆರಡು ಗೆರೆ ಎಳೆದಿದ್ದರು: ಇಲ್ಲಿ ವಾಯಿದೆ ಇಲ್ಲ. ಏನೇ ತಕರಾರು ಬರಲಿ ಕೂತಲ್ಲೇ ಮುಗಿಯಬೇಕು. ಅಲ್ಲಿಗೆ ಸ್ಲೇಟು ಭರ್ತಿಯಾಯಿತು.

ಆ ಕೊನೆಯ ಸಾಲಿನ ಹಿಂದೆ ಅವರ ಜೀವದ ನೋವಿತ್ತು. ನಮ್ಮ ಕೋರ್ಟಿನಲ್ಲಿ ಬಾಗೂರಿನ ದಾರಿ ದಾವೆಯೊಂದಿತ್ತು. ಕರಿಯಣ್ಣ ಎಂಬ ಕುರಿಯವನ ರೊಪ್ಪದಿಂದ ಕುರಿಗಳು ಕೆರೆಗೆ ಹೋಗಲು ಗಂಗಾಧರಪ್ಪನೆಂಬ ಇನ್ನೊಬ್ಬನ ತೆಂಗಿನ ತೋಟದ ಅಂಚು ಹಾಯಬೇಕು. ಹಾಯಬಹುದು ಎಂದು ಕರಿಯಣ್ಣ, ಕೂಡದು ಎಂದು ಗಂಗಾಧರಪ್ಪ. ಹೂಡಿದವರು ಅವರಪ್ಪಂದಿರು, ಅವರು ತೀರಿಕೊಂಡು ದಾವೆ ಆಸ್ತಿಯ ಹಾಗೆ ಮಕ್ಕಳಿಗೆ ಬಂದಿತ್ತು. ಒಮ್ಮೆ ಮೇಲಿನ ಕೋರ್ಟಿಗೆ ಹೋಗಿ ತಿರುಗಿ ಬಂದಿತ್ತು, ಒಮ್ಮೆ ತೋಟ ಅಳೆಯಲು ಕೋರ್ಟಿನಿಂದ ಹೋದ ಕಮಿಷನರಿಗೆ ಹೆಜ್ಜೇನು ಕಚ್ಚಿ ವಾಪಸಾಗಿತ್ತು. ಶಿರಸ್ತೇದಾರರು ಸಣ್ಣ ಗುಮಾಸ್ತರಾಗಿ ಕೆಲಸಕ್ಕೆ ಸೇರಿದಾಗ ಮೊದಲು ನಂಬರು ಹಾಕಿದ ದಾವೆ ಅದು. ನಾಲ್ಕಾರು ಊರು ಸುತ್ತಿ ಮತ್ತೆ ಇಲ್ಲಿಗೇ ಬಂದರೆ ಅದೂ ಇಲ್ಲೇ ಕೂತಿತ್ತು. ರಿಟೈರಾಗಲು ಎರಡು ವರ್ಷವೂ ಉಳಿದಿರಲಿಲ್ಲ. ನನಗಿಂತ ಮುಂಚೆ ಅದು ಕೋರ್ಟು ಬಿಡಬೇಕು, ಅದನ್ನು ಇಲ್ಲೇ ಬಿಟ್ಟು ನಾನು ಮನೆಗೆ ಹೋದರೆ ಏನು ದುಡಿದ ಹಾಗಾಯಿತು ಎನ್ನುತ್ತಿದ್ದರು. ಈ ಮಾತನ್ನು ನಗುತ್ತ ಹೇಳಿದ್ದನ್ನು ನಾನು ಕೇಳಿಲ್ಲ.

ವಾಯಿದೆ ದಿನ ಇಬ್ಬರೂ ಬಾಗೂರಿನಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಕರಿಯಣ್ಣ ಕಂಬಳಿ ಹೊದ್ದು ಹಿಂದಿನ ಸೀಟು, ಗಂಗಾಧರಪ್ಪ ಡ್ರೈವರನ ಹಿಂದೆ. ಇಳಿದ ಮೇಲೆ ನಮ್ಮ ಹುಣಸೆಮರಕ್ಕೆ ಒಬ್ಬ ಈ ಕಡೆ, ಒಬ್ಬ ಆ ಕಡೆ ಒರಗಿ ಸಂಜೆವರೆಗೆ ಕಾಯುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ನಮ್ಮ ಆಟ ನಡೆಯುತ್ತಿದ್ದುದು ಅವರಿಬ್ಬರ ಕಾಲ ಬಳಿಯೇ. ಒಂದು ದಿನ ನಾನು ರಾಕ್ಷಸಿಯ ಮುಂದೆ ಏನು ಮಾಡುವುದೆಂದು ತಿಳಿಯದೆ ಕೂತಿದ್ದಾಗ ಮರದ ಈ ಕಡೆಯಿಂದ, ಎಲೆಯಡಿಕೆಗೆ ಸುಣ್ಣ ಜಾಸ್ತಿ ಹಚ್ಚಿ ಕೊಡ್ರಿ, ಬಾಯಿ ಸುಡ್ಕಂತಾಳೆ ಎಂಬ ಸಲಹೆ ಬಂತು. ಮರದ ಆ ಕಡೆಯಿಂದ, ಸುಟ್ರೆ ಸಿಟ್ಟು ಮಾಡ್ಕಳಲ್ವ ಎಂಬ ತಕರಾರೂ ಬಂತು. ಶಿರಸ್ತೇದಾರರು ಇಬ್ಬರಿಗೂ, ಆಟಕ್ಕೆ ಕುಂತ್ಕಳ್ರಿ ಎಂದರು.

ಯಾರಾಗುತ್ತೀರಿ ಎಂದು ಕೇಳಿದಾಗ ಕರಿಯಣ್ಣ ಕಣ್ಣು ಮಿಟುಕಿಸದೆ ಅಮಲ್ದಾರನಾಗುತ್ತೇನೆ ಎಂದ. ರಾಜನಾಗಬಹುದು, ಮಂತ್ರವಾದಿಯಾಗಬಹುದು ಎಂದು ನಾವು ತಿಳಿಹೇಳಿದೆವು. ಬೇಡ, ಕುದುರೆ ಮೇಲೆ ಕೂತು ಎಲ್ಲರನ್ನೂ ಬೈಯುವ ಅಮಲ್ದಾರನೇ ಸಾಕು ಎಂದ. ನೂರಾರು ತೆಂಗಿನಮರದ ಒಡೆಯ ಗಂಗಾಧರಪ್ಪ ಬಹಳ ಹೊತ್ತು ಯೋಚಿಸಿ, ಸುತ್ತ ನೋಡಿ, ದನಿ ತಗ್ಗಿಸಿ, ಕಳ್ಳನಾಗಬಹುದೇ ಎಂದು ಕೇಳಿದ. ನೆರಳಿದ್ದದ್ದು ಒಂದಿಷ್ಟೇ ಜಾಗ. ಕೂರಿಸಿ ನೋಡಿದರೆ ಅಮಲ್ದಾರನ ಬಲಕ್ಕೆ ಬಂದವನು ಕಳ್ಳ.

ಹಾಗಾಗಿ ಸ್ಲೇಟಿನ ಎರಡನೇ ಸಾಲಿನ ಪ್ರಕಾರ ಕರಿಯಣ್ಣನ ಬೀಜಗಳನ್ನು ಗಂಗಾಧರಪ್ಪನೇ ಎಸೆಯಬೇಕಾಯಿತು. ತಿಂಗಳುಗಟ್ಟಲೆ ಎಸೆದ. ಅಮಲ್ದಾರ ಕುದುರೆ ಹತ್ತಿ ಮೂರು ಬಾಗಿಲು ದಾಟಿದ. ನಾಲ್ಕನೆಯದರಲ್ಲಿ ಬೆನ್ನಿಗೆ ಮುಖವಿದ್ದವನ ಕತ್ತಿ ಮೇಲೆ ಬಂತು. ತಪ್ಪಿಸಿಕೊಳ್ಳಲು ಗಂಗಾಧರಪ್ಪ ಬೀಜ ಎಸೆದ. ನಾಲ್ಕೂ ಕಂದು. ಅಮಲ್ದಾರ ಸತ್ತ. ಕರಿಯಣ್ಣ ಕಂಬಳಿಯನ್ನು ತಲೆ ಮೇಲೆ ಎಳೆದುಕೊಂಡ. ಗಂಗಾಧರಪ್ಪ ನೆಲ ನೋಡುತ್ತ ಕೂತವನು, ಅವರಪ್ಪಂದಿರ ಕಾಲದಿಂದ ಆಡದ ಮಾತನ್ನು ಆಡಿದ.

“ಬೇಕಂತ ಹಾಕ್ಲಿಲ್ಲ ಕಣೋ.”

ಕಂಬಳಿಯೊಳಗಿಂದ, “ಗೊತ್ತು ಬಿಡೋ,” ಎಂದು ಬಂತು. ಮೂರನೇ ಸಾಲಿನ ಪ್ರಕಾರ ಸತ್ತವನು ಬಾಯಿ ಬಿಡಬಾರದಿತ್ತು. ಶಿರಸ್ತೇದಾರರು ಕೇಳಿಸದವರಂತೆ ಕೋಟಿನ ಧೂಳು ಊದುತ್ತ ನಿಂತರು.

ಇಷ್ಟರಲ್ಲಿ ಯಾರೋ ಪುಣ್ಯಾತ್ಮರು ಮೂಗರ್ಜಿ ಹಾಕಿದರು. ಕೋರ್ಟಿನ ಆವರಣದಲ್ಲಿ ಶಿರಸ್ತೇದಾರರು ಕಕ್ಷಿದಾರರನ್ನು ಕೂಡಿಸಿಕೊಂಡು ಬೀಜ ಎಸೆದು ಜೂಜಾಡುತ್ತಾರೆ ಎಂದು. ಮುನ್ಸೀಫರು ಹೊಸಬರು, ವಯಸ್ಸು ಚಿಕ್ಕದು, ನಗುವುದನ್ನು ಯಾವುದೋ ಕಾಯಿದೆಯಡಿ ನಿಷೇಧಿಸಿಕೊಂಡವರಂತಿದ್ದರು. ಶಿರಸ್ತೇದಾರರ ಮುಖ ಬಿಳಿಚಿಕೊಂಡಿತು. ಒಂದು ಕಪ್ಪು ಚುಕ್ಕೆಯಿಲ್ಲದ ನೌಕರಿ. ಪಿಂಚಣಿ ಕೈಗೆ ಬರುವ ಹೊತ್ತಿಗೆ ಜೂಜುಕೋರ ಎನಿಸಿಕೊಳ್ಳುವುದೆಂದರೆ. ಆ ರಾತ್ರಿ ಅವರು ಉಣ್ಣಲಿಲ್ಲ ಎಂದು ಅಕ್ಕ ಹೇಳಿದರು. ಮರುದಿನ ಛೇಂಬರಿನಲ್ಲಿ ವಿಚಾರಣೆ. ಹೇಳಿಕೆ ಟೈಪು ಮಾಡಲು ನಾನೇ. ಸಾಕ್ಷಿಗಳು ಕರಿಯಣ್ಣ, ಗಂಗಾಧರಪ್ಪ. ಮುನ್ಸೀಫರ ಮೇಜಿನ ಮೇಲೆ ಸ್ಲೇಟು.

ಅಮಲ್ದಾರನಾದ ನನ್ನನ್ನು ಬೆನ್ನುಮುಖದವನು ಕಡಿದದ್ದು ನಿಜ, ಆದರೆ ಅದರಲ್ಲಿ ಎದುರು ಕಕ್ಷಿಯ ತಪ್ಪಿಲ್ಲ ಎಂದು ಕರಿಯಣ್ಣ ಹೇಳಿಕೆ ಕೊಟ್ಟ. ನಾನು ಟೈಪು ಮಾಡಿದೆ. ಗೆದ್ದವರಿಗೆ ಏನು ಸಿಗುತ್ತದೆ ಎಂದು ಮುನ್ಸೀಫರು ಅವನನ್ನೇ ಕೇಳಿದರು.

“ಇನ್ನೊಂದು ಬಾಗ್ಲು ಸಿಗ್ತೈತೆ ಸ್ವಾಮಿ.”

“ಸೋತವರಿಗೆ?”

“ಬಾಯಿ ಮುಚ್ಕಂಡು ಕುಂತ್ಕಳಾ ಶಿಕ್ಷೆ.”

ಮುನ್ಸೀಫರು ಸ್ಲೇಟನ್ನು ಎತ್ತಿಕೊಂಡು ಮೇಲಿಂದ ಕೆಳಗೆ ಓದಿದರು. ‘ಆಯ್ತು, ಆದ್ರೆ’ ಎಂದರೇನು ಎಂದರು. ಶಿರಸ್ತೇದಾರರು ವಿವರಿಸಿದರು. ಮುನ್ಸೀಫರು ಕಿಟಕಿಯ ಕಡೆ ತಿರುಗಿ, ನಾನು ದಿನಾ ಬರೆಯುವ ತೀರ್ಪುಗಳೂ ಇದೇ ಅಲ್ಲವೇ ಎಂದು ತಮಗೆ ತಾವೇ ಹೇಳಿಕೊಂಡರು. ದುಡ್ಡಿಲ್ಲ, ಪಣವಿಲ್ಲ, ಇದು ಜೂಜಲ್ಲ, ಆದರೆ ಕೋರ್ಟಿನ ಆವರಣದಲ್ಲಿ ಇನ್ನು ಬೇಡ ಎಂದು ಅಪ್ಪಣೆಯಾಯಿತು. ಅದೂ ‘ಆಯ್ತು, ಆದ್ರೆ’ಯೇ. ಹೊರಡುವಾಗ ಮುನ್ಸೀಫರು, ನೀವು ರಿಟೈರಾಗುವ ಮುಂಚೆ ಈ ಬಾಗೂರಿನ ದಾವೆಯನ್ನು ಹೇಗಾದರೂ ಒಂದು ದಡ ಮುಟ್ಟಿಸಿ ಎಂದರು. ಆಮೇಲೆ ನನ್ನನ್ನೊಬ್ಬನನ್ನೇ ನಿಲ್ಲಿಸಿಕೊಂಡು, ಆ ರಾಕ್ಷಸಿ ಕೊನೆಗೆ ಬಾಗಿಲು ಬಿಟ್ಟಳೇ ಎಂದು ಕೇಳಿದರು.

ಆಟ ಶಿರಸ್ತೇದಾರರ ಮನೆಯ ಪಡಸಾಲೆಗೆ ಬಂತು. ವಾಯಿದೆ ದಿನ ಕೋರ್ಟು ಮುಗಿದ ಮೇಲೆ ಬಾಗೂರಿನ ಸಂಜೆ ಬಸ್ಸಿನವರೆಗೆ. ಅಕ್ಕ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾಡಿ ತಂದಿಟ್ಟು, ನನಗೆ ಇದರ ತಲೆಬುಡ ಒಂದೂ ತಿಳಿಯುವುದಿಲ್ಲ ಎಂದು ಒಳಗೆ ಹೋಗುತ್ತಿದ್ದರು. ಆದರೆ ಶಿರಸ್ತೇದಾರರು ಏನಾದರೂ ತಪ್ಪಿದರೆ, ಆ ಬಾಗ್ಲು ಹೋದ್ಸಲ ಪಡುವಲಕ್ಕಿತ್ತಲ್ಲ ಎಂದು ಒಲೆಯ ಕಡೆಯಿಂದ ದನಿ ಬರುತ್ತಿತ್ತು. ಅವರು ಕೇಳಿಸದಂತೆ ನಟಿಸಿ, ಬಾಗಿಲನ್ನು ಪಡುವಲಕ್ಕೆ ಎತ್ತಿಡುತ್ತಿದ್ದರು. ಕರಿಯಣ್ಣ ಈಗ ಸಬ್ ಇನ್ಸ್‌ಪೆಕ್ಟರಾಗಿ ಮರುಹುಟ್ಟು ಪಡೆದಿದ್ದ. ಕಳ್ಳನೂ ಇನ್ಸ್‌ಪೆಕ್ಟರೂ ಪಕ್ಕಪಕ್ಕ ಕೂತು ಒಬ್ಬರ ಬೋಂಡ ಒಬ್ಬರು ತಿನ್ನುತ್ತಿದ್ದರು. ಕೋರ್ಟಿನಲ್ಲಿ ಮಾತ್ರ ದಾವೆ ಒಂದಿಂಚು ಕದಲಲಿಲ್ಲ. ಸಾಕ್ಷಿಗೆ ಜ್ವರ, ವಕೀಲರಿಗೆ ಪರಊರು, ಕಾಗದ ಸಿಕ್ಕಿಲ್ಲ. ಮುಂಚೆ ಒಬ್ಬರು ವಾಯಿದೆ ಕೇಳುತ್ತಿದ್ದರು, ಈಗ ಇಬ್ಬರೂ ಸೇರಿ ಕೇಳುತ್ತಿದ್ದರು. ಶಿರಸ್ತೇದಾರರಿಗೆ ಇದೇಕೆಂದು ಅರ್ಥವಾಗಲಿಲ್ಲ. ದಿನ ಎಣಿಸುತ್ತ ಸೊರಗಿದರು.

ರಿಟೈರಾಗಲು ಎರಡೇ ತಿಂಗಳು ಇರುವಾಗ ನಮ್ಮ ಕೋರ್ಟಿನ ಜವಾನನ ಮಗಳ ಮದುವೆ ಬಾಗೂರಿನಲ್ಲಿ ಆಯಿತು. ಊಟ ಮುಗಿಸಿ, ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ನಾವಿಬ್ಬರೂ ಕೆರೆಯ ಕಡೆ ಹೊರಟೆವು. ದಾವೆಯ ನಕ್ಷೆಯಲ್ಲಿ ಜೀವಮಾನವೆಲ್ಲ ನೋಡಿದ ದಾರಿಯನ್ನು ಒಮ್ಮೆ ಕಣ್ಣಲ್ಲಿ ನೋಡಬೇಕೆಂದು ಅವರಿಗೆ ಆಸೆ. ನೋಡಿದೆವು. ತೆಂಗಿನ ತೋಟದ ಅಂಚಿನಲ್ಲಿ ಧೂಳೆಬ್ಬಿಸುತ್ತ ಕುರಿಗಳು ಸಾಲಾಗಿ ಕೆರೆಗೆ ಹೋಗುತ್ತಿದ್ದವು. ಹಿಂದೆ ಕರಿಯಣ್ಣ. ಮುಂದೆ ಬೇಲಿಯ ತಡಿಕೆಯನ್ನು ಎರಡೂ ಕೈಯಲ್ಲಿ ತೆಗೆದು ಹಿಡಿದುಕೊಂಡು, ಮರಿಯೊಂದು ಹಿಂದೆ ಬಿದ್ದರೆ ಹುಷ್ ಎಂದು ಅಟ್ಟುತ್ತ ನಿಂತವನು ಗಂಗಾಧರಪ್ಪ.

ಶಿರಸ್ತೇದಾರರು ಇದು ಎಷ್ಟು ದಿನದಿಂದ ಎಂದು ಕೇಳಿದರು. ದಾರಿ ಬಿಟ್ಟು ವರ್ಷವಾಯಿತು ಎಂದ ಗಂಗಾಧರಪ್ಪ, ತಡಿಕೆ ಬಿಡದೆ.

“ಮತ್ತೆ ಕೇಸು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಾಡಿದವನು ಕರಿಯಣ್ಣ. “ಕೇಸು ಮುಗುದ್ರೆ ಹೊಸದುರ್ಗಕ್ಕೆ ಏನಂತ ಬರಾಣ ಸ್ವಾಮಿ? ವಾಯಿದೆ ಅಂದ್ರೆ ಮನೇಲಿ ಬುತ್ತಿ ಕಟ್ಟಿ ಕಳಿಸ್ತಾರೆ. ಹುಣಸೆ ಬೀಜ ಎಸೆಯಾಕೆ ಹೋಗ್ತೀನಿ ಅಂದ್ರೆ ಕಳಿಸ್ತಾರಾ?”

ನಾನು ನಗು ತಡೆಯಲಾರದೆ ಕೆರೆಯ ಕಡೆ ತಿರುಗಿದೆ. ಮತ್ತೆ ಈ ಕಡೆ ನೋಡಿದಾಗ ಶಿರಸ್ತೇದಾರರು ತೆಂಗಿನಮರಕ್ಕೆ ಕೈಯೂರಿ ನಿಂತಿದ್ದರು. ಯಾವ ದಾವೆಯನ್ನು ಮುಗಿಸಬೇಕೆಂದು ಇಷ್ಟು ವರ್ಷ ಹಂಬಲಿಸಿದರೋ ಅದನ್ನು ಉಸಿರಾಡಿಸಿಕೊಂಡು ಬಂದದ್ದು ಅವರದೇ ಆಟ. ವಾಯಿದೆ ಇಲ್ಲ ಎಂದು ಬರೆದುಕೊಂಡ ಆಟದ ಸಲುವಾಗಿ ವಾಯಿದೆಯ ಮೇಲೆ ವಾಯಿದೆ. ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಆಟ ನಿಲ್ಲಿಸಿಬಿಡುತ್ತಾರೆ ಎಂದು ಹೆದರಿದೆ. ಅಷ್ಟು ಹೊತ್ತಿಗೆ ನನಗೂ ಆ ಎಂಟನೇ ಸುತ್ತು ಬಿಟ್ಟು ಬೇರೆ ಊರಿರಲಿಲ್ಲ.

ಮುಂದಿನ ವಾಯಿದೆಯ ಸಂಜೆ ಎಲ್ಲರೂ ಬಂದು ಕೂತ ಮೇಲೆ ಅವರು ಸ್ಲೇಟನ್ನು ಮುಂದಿಟ್ಟುಕೊಂಡರು. ಹೊಸ ಕಾನೂನೊಂದು ಬರೆಯಬೇಕು, ಜಾಗವಿಲ್ಲ, ಯಾವುದಾದರೂ ಒಂದನ್ನು ಒರೆಸಬೇಕು ಎಂದರು. ಬಾಷಾ ಸಾಬರು ತಮ್ಮ ಸಾಲಿಗೆ ಕೈ ಅಡ್ಡ ಇಟ್ಟರು. ಕರಿಯಣ್ಣ ಸತ್ತವರ ಸಾಲು ಇರಲಿ ಎಂದ. ಅವನಿಗೆ ಅದರ ಉಪಯೋಗ ಗೊತ್ತಿತ್ತು. ಶಿರಸ್ತೇದಾರರು ಪಂಚೆಯ ಅಂಚು ಒದ್ದೆ ಮಾಡಿಕೊಂಡು, ಕೊನೆಯ ಸಾಲನ್ನು, ಅದೇ ಎರಡು ಗೆರೆ ಎಳೆದದ್ದನ್ನು, ಒರೆಸಿದರು. ಆ ಜಾಗದಲ್ಲಿ ಬರೆದರು: ದಾವೆ ಇರುವವರಿಗೆ ಈ ಆಟದಲ್ಲಿ ಜಾಗವಿಲ್ಲ.

ಕಳ್ಳನೂ ಇನ್ಸ್‌ಪೆಕ್ಟರೂ ಬೋಂಡ ಮುಟ್ಟದೆ ಎದ್ದು ಹೋದರು. ಅದೇ ವಾರ ಬಂದು ರಾಜಿ ಅರ್ಜಿ ಹಾಕಿದರು. ಮುನ್ಸೀಫರು ಅದನ್ನು ದಾಖಲಿಸುವಾಗ ಶಿರಸ್ತೇದಾರರು ಫೈಲನ್ನು ಊದಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಧೂಳು ಎಂದರು.

ಹೊರಗೆ ಹುಣಸೆಮರದ ಕೆಳಗೆ ಇಬ್ಬರೂ ಅಂಗಡಿ ಮುಚ್ಚಿದ ವ್ಯಾಪಾರಿಗಳಂತೆ ನಿಂತಿದ್ದರು. ಇನ್ನು ಬರಾಕಾಗಲ್ಲ ಅಲ್ವ ಸ್ವಾಮಿ ಎಂದ ಗಂಗಾಧರಪ್ಪ. ಶಿರಸ್ತೇದಾರರು ಕೋಟಿನ ಗುಂಡಿ ಹಾಕಿಕೊಂಡರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಕೋರ್ಟಿನ ದನಿ ಹೊರಟಿತು.

“ಮುಂದಿನ ವಾಯಿದೆ, ಬರೋ ಅಮಾವಾಸ್ಯೆ ಆದ್ಮೇಲಿನ ಭಾನುವಾರ. ಶಿರಸ್ತೇದಾರ್ರ ಮನೇಲಿ ವಾಯಿದೆ ಐತೆ ಅಂತ ಹೇಳ್ರಿ ಮನೇಲಿ. ಸುಳ್ಳಲ್ಲ.”

ಸ್ಲೇಟಿನಲ್ಲಿ ವಾಯಿದೆ ಬೇಡವೆನ್ನುವ ಸಾಲು ಆಗ ಇರಲಿಲ್ಲವಲ್ಲ. ಅವರು ಅದನ್ನೇ ಏಕೆ ಒರೆಸಿದ್ದರೆಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು ಮೈಕಿನ ಮುಂದೆ ನಿಂತು, ಮೊದಲು ಮೈಕನ್ನು ಉಫ್ ಎಂದು ಊದಿ, ನನ್ನದು ಯಾವುದೂ ಬಾಕಿಯಿಲ್ಲ ಎಂದಷ್ಟೇ ಹೇಳಿ ಕೂತರು. ಮುನ್ಸೀಫರೇ ಮೊದಲು ಚಪ್ಪಾಳೆ ತಟ್ಟಿದರು.

ಭಾನುವಾರದ ವಾಯಿದೆಗಳು ಎಷ್ಟೋ ವರ್ಷ ನಡೆದವು ಎನ್ನಲು ನನಗಿಷ್ಟ. ನಡೆದದ್ದು ಮೂರು ವರ್ಷಕ್ಕೂ ಕಡಿಮೆ. ನಾನು ಆಗ ಹಿರಿಯೂರಿಗೆ ವರ್ಗವಾಗಿದ್ದೆ, ಮದುವೆಯೂ ಆಗಿತ್ತು. ಆದರೂ ಬರುತ್ತಿದ್ದೆ, ನನ್ನ ಹೆಂಡತಿಗೆ ವಾಯಿದೆ ಎಂದೇ ಹೇಳುತ್ತಿದ್ದೆ. ಒಂದು ಬೆಳಗ್ಗೆ ಶಿರಸ್ತೇದಾರರು ಸ್ನಾನಕ್ಕೆಂದು ಹೋದವರು ಕುಸಿದು ಬಿದ್ದರಂತೆ. ಯಾರಿಗೂ ಏನೂ ತೊಂದರೆ ಕೊಡದೆ, ಆ ಹೊತ್ತೇ ಹೋಗಿಬಿಟ್ಟರು. ಸುದ್ದಿ ಕೇಳಿ ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಗುವಿನಂತೆ ಅತ್ತೆ.

ತಿಥಿಯ ದಿನ ಬಾಗೂರಿನವರಿಬ್ಬರೂ ಬಂದರು, ಬಸ್ಸಿನ ಒಂದೇ ಸೀಟಿನಲ್ಲಿ ಕೂತು. ಬಾಷಾ ಸಾಬರು ಶಾಪು ಮುಚ್ಚಿ ಬಂದರು. ಊಟವಾಗಿ ನೆಂಟರೆಲ್ಲ ಹೋದ ಮೇಲೆ ನಾವು ನಾಲ್ವರೂ ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದೆವು. ಏಳುವುದು ಯಾರಿಗೂ ಮನಸ್ಸಿರಲಿಲ್ಲ, ಕೂರಲು ಕಾರಣವೂ ಇರಲಿಲ್ಲ. ಅಕ್ಕ ಒಳಗಿನಿಂದ ಸ್ಲೇಟನ್ನೂ ನಾಲ್ಕು ಹುಣಸೆ ಬೀಜವನ್ನೂ ತಂದು ನಮ್ಮ ನಡುವೆ ಇಟ್ಟರು.

“ಸತ್ತೋರು ಒಂದಾಟ ಬಾಯಿ ಬಿಡಬಾರ್ದು ಅಂತ ಇದ್ರಾಗೆ ಐತಲ್ಲ,” ಎಂದರು. “ಅವ್ರ ಕೈಲಿ ಅದೊಂದು ಆಗ್ದಿರೋ ಕೆಲ್ಸ. ಇವತ್ತು ಸುಮ್ನೆ ಕೂತು ಕೇಳ್ಲಿ.”

ಗಂಡನ ಚಾಪೆಯ ಮೇಲೆ ಕೂತರು. ಕೋಟೆಯ ಹನ್ನೊಂದನೇ ಬಾಗಿಲು ಪಡುವಲಕ್ಕೆ ತೆರೆದಿದೆ ಎಂದರು, ಒಳಗೆ ಎರಡು ಕರಡಿಗಳು ಪಿಸುಗುಟ್ಟುತ್ತಿವೆ ಎಂದರು, ಇನ್ಸ್‌ಪೆಕ್ಟರನ ಕುದುರೆ ಹೋದ ಸಲ ಕುಂಟುತ್ತಿತ್ತು, ಮರೆಯಬೇಡಿ ಎಂದರು. ಕರಿಯಣ್ಣ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡು ಕಾಲು ಮಡಚಿ ನೆಟ್ಟಗೆ ಕೂತ. ಗಂಗಾಧರಪ್ಪ ಅವನ ಬಲಕ್ಕೆ ಸರಿದು ಬೀಜಗಳನ್ನು ಕೈಗೆ ತೆಗೆದುಕೊಂಡ. ಅಕ್ಕ ಸ್ಲೇಟನ್ನು ಮುಖದ ಹತ್ತಿರ ತಂದು, ಉಫ್ ಎಂದು ಒಮ್ಮೆ ಊದಿದರು.

“ಈಗ ಏನ್ ಮಾಡ್ತೀರ, ಹೇಳ್ರಿ.”